ಬಾಲ ಎತ್ತದ ಬೆಕ್ಕು

ಶುಕ್ರವಾರ, ದಸಾಡಾ

"ಸಿಂಹ ನೋಡೋಕಾ, ಬಿಳಿ ರಣ್ ನೋಡೋಕಾ?" ಅಂತ ಹಿಂದಿಯಲ್ಲಿ ಕೇಳಿದ ಅಹಮದಾಬಾದಿನ ಟ್ಯಾಕ್ಸಿ ಡ್ರೈವರ್. ಬಿಳಿ ರಣ್ ಅಂದರೆ ಕಚ್ಛ್‌ನ ಉಪ್ಪಿನ ಬಯಲು. ಬೆಕ್ಕು ನೋಡೋಕೆ ಅಂದೆ. ನನ್ನ ಕಡೆ ಒಮ್ಮೆ ತಿರುಗಿ, ಕನ್ನಡಿಯಲ್ಲಿ ಹಿಂದಿನ ಸೀಟಿನ ಅಕ್ಕನನ್ನೊಮ್ಮೆ ನೋಡಿ, ರೇಡಿಯೊ ಹಾಕಿದ. ವೀರಮ್‌ಗಾಮ್ ದಾಟುವವರೆಗೂ ಮತ್ತೆ ಬಾಯಿ ಬಿಡಲಿಲ್ಲ.

ಸಿಂಹವೂ ನಮ್ಮ ಪಟ್ಟಿಯಲ್ಲಿತ್ತು, ಆದರೆ ಕೊನೆಗೆ. ಮೊದಲು ನೋಡಬೇಕಿದ್ದದ್ದು ಮರುಭೂಮಿ ಬೆಕ್ಕು. ಪರ್ಷಿಯನ್ನಿನಿಂದ ಹಿಡಿದು ನಮ್ಮ ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗುವ ಬೆಕ್ಕಿನವರೆಗೆ ಜಗತ್ತಿನ ಸಾಕುಬೆಕ್ಕುಗಳೆಲ್ಲ ಒಂದೇ ಕಾಡುಮೂಲದವು ಅಂತ 2007ರಲ್ಲಿ ಸಾವಿರದ ಹತ್ತಿರ ಬೆಕ್ಕುಗಳ ಡಿಎನ್‌ಎ ಹೋಲಿಸಿ ತೋರಿಸಿದರು. ಆ ಮೂಲ ಫೆಲಿಸ್ ಲಿಬಿಕಾ, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾ ಕಡೆಯ ಕಾಡುಬೆಕ್ಕು. ಅದೇ ಪ್ರಭೇದದ ಇನ್ನೊಂದು ಕವಲು, ಓರ್ನಾಟಾ ಅನ್ನುವುದು, ಮಧ್ಯ ಏಷ್ಯಾದಿಂದ ಇತ್ತ ರಾಜಸ್ಥಾನ, ಗುಜರಾತಿನ ಒಣಬಯಲುಗಳವರೆಗೂ ಇದೆ. ಮರುಭೂಮಿ ಬೆಕ್ಕು ಅಂದರೆ ಇದೇ. ಮನೆಬೆಕ್ಕಿಗೆ ನೇರ ಪೂರ್ವಜ ಅಲ್ಲ, ಹತ್ತಿರದ ದಾಯಾದಿ. ಕರ್ನಾಟಕದಲ್ಲಿ ಇದು ಸಿಗುವುದಿಲ್ಲ.

ಅಕ್ಕನ ಮನೆ ಸಾಗರದ ಹತ್ತಿರ. ಅಡಿಕೆ ತೋಟ, ಅಟ್ಟ, ಕೊಟ್ಟಿಗೆ, ಅಲ್ಲೆಲ್ಲ ಬೆಕ್ಕು. ಬೆಕ್ಕಿನ ಬಗ್ಗೆ ನಾನು ಓದಿದ್ದಕ್ಕಿಂತ ಅವಳು ಕಂಡದ್ದು ಹೆಚ್ಚು. ಅದಕ್ಕೇ ಒತ್ತಾಯ ಮಾಡಿ ಕರೆದುಕೊಂಡು ಬಂದದ್ದು.

ಸಂಜೆ ಜೀರಿಗೆ ಹೊಲಗಳ ಅಂಚಿನಲ್ಲಿ ಜೀಪಿನಲ್ಲಿ ಒಂದು ಸುತ್ತು. ಕಾಲುವೆಯ ಬದುವಿನ ಮೇಲೆ ಉದ್ದ ಕಾಲಿನ, ಮೋಟು ಬಾಲದ ಒಂದು ಪ್ರಾಣಿ ನಡೆದುಹೋಯಿತು. ಮೈಮೇಲೆ ಪಟ್ಟೆ ಚುಕ್ಕೆ ಏನೂ ಇಲ್ಲ. ಅದು ನಮ್ಮಲ್ಲೂ ಕಬ್ಬಿನ ಗದ್ದೆಗಳಲ್ಲಿ, ಕೆರೆಯಂಚಿನ ಜೊಂಡಿನಲ್ಲಿ ಇರುವ ಕಾಡುಬೆಕ್ಕು, ಫೆಲಿಸ್ ಚೌಸ್. "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಗದ್ದೆ ಹತ್ರ ದಿನಾ ಕಾಣ್ತದೆ" ಅಂದಳು ಅಕ್ಕ. ಇದಲ್ಲ, ನಾಳೆ ತೋರಿಸ್ತೀನಿ ಅಂದೆ. ತೋರಿಸುವುದು ನನ್ನ ಕೈಯಲ್ಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಶನಿವಾರ, ಚಿಕ್ಕ ರಣ್

ಜನವರಿಯ ಬೆಳಗು, ತೆರೆದ ಜೀಪು. ಅಕ್ಕ ಶಾಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಚಿಕ್ಕ ರಣ್ ಅಂದರೆ ಮಳೆಗಾಲದಲ್ಲಿ ನಿಂತ ನೀರು, ಉಳಿದ ತಿಂಗಳು ಬಿರುಕು ಬಿಟ್ಟ ಉಪ್ಪುಮಣ್ಣು. ಸುಮಾರು 5000 ಚದರ ಕಿಲೋಮೀಟರ್ ಕಾಡುಕತ್ತೆ ಅಭಯಾರಣ್ಯದಲ್ಲಿ ಕಣ್ಣಿಗೆ ಅಡ್ಡ ಬರುವುದು ಬೇಟ್‌ಗಳು ಮಾತ್ರ. ನೀರು ಮುಳುಗಿಸದಷ್ಟು ಎತ್ತರದ ದಿಬ್ಬಗಳು ಅವು. ಅಲ್ಲಲ್ಲಿ ಪೀಲು ಪೊದೆ, ಉಳಿದಂತೆ ಇಲ್ಲಿನವರು ಗಾಂಡೊ ಬಾವಳ್ ಅನ್ನುವ ಬಳ್ಳಾರಿ ಜಾಲಿ.

ಕಾಡುಕತ್ತೆಗಳು ಹೊರಟ ಅರ್ಧ ಗಂಟೆಯಲ್ಲೇ ಕಂಡವು. ಬೆಕ್ಕಿಗೆ ಬಿಸಿಲೇರುವವರೆಗೆ ಕಾಯಬೇಕಾಯಿತು. ಒಂದು ಬೇಟ್‌ನ ಅಂಚಿನಲ್ಲಿ ಡ್ರೈವರ್ ಎಂಜಿನ್ ಆರಿಸಿ, ಕೈ ಎತ್ತದೆ ಗಲ್ಲದಿಂದಲೇ ದಿಕ್ಕು ತೋರಿಸಿದ. ಮೊದಲು ಕಂಡದ್ದು ಎರಡು ಕಿವಿ, ತುದಿಯಲ್ಲಿ ನಾಲ್ಕಾರು ಕೂದಲಿನ ಕುಚ್ಚು. ಆಮೇಲೆ ಕೆನ್ನೆಯ ಮೇಲಿನ ಎರಡು ಕಪ್ಪು ಗೆರೆ. ಮೈ ಪೂರ್ತಿ ಮರಳಿನ ಬಣ್ಣ, ಅದರ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ. ಬಾಲ ಉದ್ದ, ತೆಳು, ತುದಿಗೆ ಬಂದಂತೆ ಉಂಗುರಗಳು, ಕೊನೆ ಕಪ್ಪು. ಗಾತ್ರದಲ್ಲಿ ಮನೆಬೆಕ್ಕಿಗಿಂತ ದೊಡ್ಡದೇನಲ್ಲ.

ಅದು ಒಂದು ಬಿಲದ ಮುಂದೆ ಕೂತಿತ್ತು. ಅಕ್ಕ ಥರ್ಮಾಸ್‌ನಿಂದ ಚಹಾ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದು ಮುಗಿಸಿದರೂ ಅದು ಕದಲಲಿಲ್ಲ. ಬಾಲದ ತುದಿ ಮಾತ್ರ ಆಗಾಗ ಒಂದಿಷ್ಟು ಆಡುತ್ತಿತ್ತು. ಆಮೇಲೆ ಎದೆ ನೆಲಕ್ಕೆ ತಾಗಿತು, ಹಿಂಗಾಲುಗಳು ಒಂದಾದ ಮೇಲೊಂದು ನೆಲವನ್ನು ಒತ್ತಿ ನೋಡಿದವು, ಸೊಂಟ ಎಡಬಲಕ್ಕೆ ಅಲುಗಿತು. "ನೋಡು, ಈಗ ಹಾರ್ತದೆ" ಎಂದು ಅಕ್ಕ ಪಿಸುಗುಟ್ಟಿದ್ದೂ ಅದು ಹಾರಿದ್ದೂ ಒಟ್ಟಿಗೇ. ಮಣ್ಣೆದ್ದಿತು. ತಲೆ ಎತ್ತಿದಾಗ ಬಾಯಲ್ಲಿ ಮರುಭೂಮಿ ಇಲಿ, ಕಚ್ಚಿದ್ದು ಕುತ್ತಿಗೆಯ ಹಿಂಭಾಗದಲ್ಲಿ.

ಆ ಕಚ್ಚು ಬೆಕ್ಕಿನ ಕುಲಕ್ಕೇ ಸೇರಿದ್ದು. ಕೋರೆಹಲ್ಲು ಕತ್ತಿನ ಎರಡು ಮೂಳೆಗಳ ಸಂದು ಹುಡುಕಿ ನರದ ಹುರಿಯನ್ನು ಕತ್ತರಿಸುತ್ತದೆ. ತೀರಾ ಹತ್ತಿರದ್ದು ಬೆಕ್ಕಿನ ಕಣ್ಣಿಗೆ ಸ್ಪಷ್ಟ ಕಾಣುವುದಿಲ್ಲ, ಮೂಗಿನ ಮುಂದಿನದಂತೂ ಮಸುಕು. ಹಾಗಾಗಿ ಕೊನೆಯ ಕ್ಷಣದಲ್ಲಿ ಮೀಸೆಗಳು ಮುಂದಕ್ಕೆ ಚಾಚಿ ಬೇಟೆ ಎಲ್ಲಿದೆ ಅಂತ ಮುಟ್ಟಿ ತಿಳಿಯುತ್ತವೆ. ಮನೆಬೆಕ್ಕು ಉಲ್ಲನ್ ಉಂಡೆಯ ಮೇಲೆ ಎರಗುವಾಗಲೂ ಇದೇ ಕ್ರಮ, ಸೊಂಟ ಅಲುಗಿಸುವುದೂ ಸೇರಿ.

"ಹೊಟ್ಟೆ ತುಂಬ ಮೊಸರನ್ನ ಹಾಕಿದ್ರೂ ಹಾವುರಾಣಿ ಹಿಡ್ಕೊಂಡು ಬರ್ತದಲ್ಲ, ಯಾಕೆ?" ಅಂತ ಅಕ್ಕನ ಹಳೆಯ ಪ್ರಶ್ನೆ. ಉತ್ತರ ಈ ಬಯಲಿನಲ್ಲೇ ಇತ್ತು. ಇಲಿಯಷ್ಟು ಸಣ್ಣ ಬೇಟೆ ನಂಬಿಕೊಂಡು ಬದುಕುವ ಪ್ರಾಣಿ ದಿನಕ್ಕೆ ಹಲವು ಬಾರಿ ತಿನ್ನಬೇಕು, ಹಾರಿದ್ದರಲ್ಲಿ ಬಹಳಷ್ಟು ತಪ್ಪಿಹೋಗುತ್ತದೆ. ಹಸಿವಾದ ಮೇಲೆ ಹೊರಡುತ್ತೇನೆ ಅಂದರೆ ಉಪವಾಸವೇ ಗತಿ. ಆದ್ದರಿಂದ ಬೇಟೆಯ ಚಪಲಕ್ಕೂ ಹೊಟ್ಟೆಗೂ ನಂಟು ಸಡಿಲ. ಬಟ್ಟಲಿಗೆ ದಿನಕ್ಕೆ ಹತ್ತು ಸಲ ಬಂದು ಎರಡೆರಡು ತುತ್ತು ತಿಂದು ಹೋಗುವ ಬೆಕ್ಕನ್ನು ಊಟಕ್ಕೆ ಸತಾಯಿಸುತ್ತದೆ ಅಂತ ಬೈಯುವವರಿಗೆ ಇಷ್ಟು ಹೇಳಬೇಕು.

ನಮ್ಮ ಬೆಕ್ಕು ಇಲಿಯೊಂದಿಗೆ ಆಟವಾಡಲಿಲ್ಲ. ಪೊದೆಯ ನೆರಳಿಗೆ ಒಯ್ದು ತಲೆಯಿಂದ ಶುರುಮಾಡಿ ತಿಂದಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಹೆಚ್ಚಾಗಿ ಹೊಟ್ಟೆ ತುಂಬಿದ ಬೆಕ್ಕಿನ ಕಥೆ. ಹಸಿದ ಬೆಕ್ಕು ಸಣ್ಣ ಇಲಿಯನ್ನು ಬೇಗ ಮುಗಿಸುತ್ತದೆ. ಹಸಿವು ಕಡಿಮೆಯಿದ್ದು ಇಲಿ ದೊಡ್ಡದಾಗಿದ್ದರೆ, ಎಲ್ಲಿ ಕಚ್ಚಿಬಿಡುತ್ತದೋ ಎಂದು ಪಂಜದಲ್ಲಿ ತಟ್ಟಿ ತಟ್ಟಿ ದಣಿಸುತ್ತದೆ.

ಮಧ್ಯಾಹ್ನ ಅಗರಿಯಾಗಳ ಗುಡಿಸಲಲ್ಲಿ ಚಹಾ. ಮಳೆ ಮುಗಿದ ಮೇಲೆ ರಣ್ ಒಳಗೆ ಬಂದು, ಬಾವಿ ತೋಡಿ ಉಪ್ಪುನೀರು ಮೇಲೆತ್ತಿ, ಪಾತಿಗಳಲ್ಲಿ ಒಣಗಿಸಿ ಉಪ್ಪು ಮಾಡುವವರು. ಡೀಸೆಲ್ ಪಂಪಿನ ಜಾಗದಲ್ಲಿ ಈಗ ಸೋಲಾರ್ ಫಲಕ ಬಂದಿದೆ. ಗುಡಿಸಲಿನೊಳಗೆ ಸಜ್ಜೆ ಚೀಲ, ಚೀಲಕ್ಕೆ ಇಲಿ, ಇಲಿಗೆ ಬೆಕ್ಕು. ಪಟ್ಟೆಪಟ್ಟೆಯ ಬೂದು ಬೆಕ್ಕೊಂದು ಬಾಲವನ್ನು ನೆಟ್ಟಗೆ ಮೇಲೆತ್ತಿಕೊಂಡು ಸೀದಾ ಅಕ್ಕನ ಕಾಲಿಗೆ ಬಂದು ಮೈ ಒರೆಸಿತು.

ಮೈಬಣ್ಣ ಬಿಟ್ಟರೆ ಬೆಳಗಿನ ಬೆಕ್ಕಿಗೂ ಇದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಈ ಬಾಲ. ಸಣ್ಣ ಕಾಡುಬೆಕ್ಕುಗಳು ಬೆಳೆದ ಮೇಲೆ ಬಾಲವನ್ನು ಹೀಗೆ ಎತ್ತುವುದು ಸಾಮಾನ್ಯವಾಗಿ ಮೂತ್ರ ಚಿಮುಕಿಸಿ ಗಡಿ ಗುರುತು ಮಾಡುವಾಗ. ಬಾಲ ಎತ್ತಿ "ಜಗಳಕ್ಕೆ ಬಂದಿಲ್ಲ" ಅನ್ನುವುದು ಮನುಷ್ಯರ ಹತ್ತಿರ, ಬೇರೆ ಬೆಕ್ಕುಗಳ ಹತ್ತಿರ ಗುಂಪಾಗಿ ಬದುಕಬೇಕಾದ ಮೇಲೆ ಬೆಳೆದ ರೂಢಿ ಎಂದು ಇದನ್ನು ಅಧ್ಯಯನ ಮಾಡಿದವರ ಅಂದಾಜು. ಕಪ್ಪು ಕಾಗದದಲ್ಲಿ ಬೆಕ್ಕಿನ ಆಕಾರ ಕತ್ತರಿಸಿ ಗೋಡೆಗೆ ಅಂಟಿಸಿದರೂ, ಅದರ ಬಾಲ ಮೇಲಿದ್ದರೆ ಮನೆಬೆಕ್ಕುಗಳು ತಾವೂ ಬಾಲ ಎತ್ತಿಕೊಂಡು ಬೇಗ ಹತ್ತಿರ ಬರುತ್ತವಂತೆ.

ಬೆಕ್ಕನ್ನು ಯಾರೂ ಕಾಡಿಗೆ ಹೋಗಿ ಹಿಡಿದು ತಂದು ಪಳಗಿಸಿದ್ದಲ್ಲ. ಪಶ್ಚಿಮ ಏಷ್ಯಾದಲ್ಲಿ ಜನ ದವಸ ಬೆಳೆದು ಕೂಡಿಡಲು ಶುರುಮಾಡಿದಾಗ ಇಲಿ ಬಂತು, ಹಿಂದೆಯೇ ಬೆಕ್ಕು ಬಂತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್‌ನಲ್ಲಿ ಸುಮಾರು 9500 ವರ್ಷ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕ ಸುದ್ದಿ 2004ರಲ್ಲಿ ಪ್ರಕಟವಾಯಿತು. ಆ ದ್ವೀಪಕ್ಕೆ ಬೆಕ್ಕು ಸಹಜವಾಗಿ ಸೇರಿದ್ದಲ್ಲ. ಅಂದರೆ ಯಾರೋ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದಾರೆ.

ಭಾನುವಾರ, ಮತ್ತೆ ರಣ್

ಈ ದಿನ ಏನೂ ಸಿಗಲಿಲ್ಲ ಅಂದರೂ ನಡೆದೀತು. ವಾರಾಂತ್ಯದ ಜೀಪುಗಳು ಒಂದು ಬೇಟ್ ಸುತ್ತ ಮುತ್ತಿಕೊಂಡಿದ್ದವು. ಪೊದೆಯೊಳಗೆ ಯಾವುದೋ ಬೆಕ್ಕು ಇದೆ ಅಂತ ಒಬ್ಬ ಹಾರ್ನ್ ಹೊಡೆದ, ಇನ್ನೊಬ್ಬ ಕಲ್ಲೆಸೆಯಲು ಕೈ ಎತ್ತಿದ. ಅಕ್ಕ ಶುದ್ಧ ಕನ್ನಡದಲ್ಲಿ ಬೈದಳು. ಅರ್ಥವಾಗಿರಲಾರದು, ಆದರೆ ಕೈ ಕೆಳಗಿಳಿಯಿತು. ನಾವು ವಾಪಸ್ ಬಂದೆವು.

ನೀರಿನ ವಿಷಯ ಮಾತ್ರ ತಲೆಯಲ್ಲಿ ಉಳಿಯಿತು. ಸುತ್ತ ಎಲ್ಲಿ ತೋಡಿದರೂ ಉಪ್ಪು. ಇಲ್ಲಿನ ಬೆಕ್ಕು ಕುಡಿಯುವುದು ಏನು? ಬಹುಪಾಲು ಏನೂ ಇಲ್ಲ. ಇಲಿಯ ಮೈಯಲ್ಲಿರುವ ನೀರೇ ಅದಕ್ಕೆ ಸಾಕು. ಬೆಕ್ಕಿನ ಮೂತ್ರಪಿಂಡ ಮೂತ್ರವನ್ನು ತುಂಬಾ ಗಟ್ಟಿಯಾಗಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೆಲವೊಮ್ಮೆ ಒಂದೇ ದಿನ ಇಪ್ಪತ್ತು ಸೆಂಟಿಮೀಟರ್ ಮಳೆ ಬೀಳುವ ಮಲೆನಾಡಿನಲ್ಲಿ ಹುಟ್ಟಿದ ಬೆಕ್ಕಿನ ಹೊಟ್ಟೆಯೊಳಗೂ ಇರುವುದು ಇದೇ ಒಣನೆಲದ ಯಂತ್ರ. ಒಣ ಕಾಳಿನಂಥ ಪ್ಯಾಕೆಟ್ ಆಹಾರವನ್ನಷ್ಟೇ ಹಾಕಿ, ನೀರು ಕುಡಿಯುವುದಿಲ್ಲ ಅಂತ ದೂರುವ ಬೆಂಗಳೂರಿನ ಗೆಳೆಯರಿದ್ದಾರೆ. ಬಾಯಾರಿಕೆಯೇ ಕಡಿಮೆಯಿರುವ ಪ್ರಾಣಿ ಅದು. ಮೂತ್ರದ ತೊಂದರೆ ಬಂದ ಮೇಲೆ ಡಾಕ್ಟರ ಹತ್ತಿರ ಓಡುವುದಕ್ಕಿಂತ ಮೊದಲೇ ಒದ್ದೆ ಆಹಾರ ಕೊಡುವುದು ಒಳ್ಳೆಯದು.

ಮಧ್ಯಾಹ್ನದ ಊಟಕ್ಕೆ ಸಜ್ಜೆ ರೊಟ್ಟಿ, ಸುಟ್ಟ ಬದನೆಯ ಗೊಜ್ಜು, ಬೆಲ್ಲ, ಮಜ್ಜಿಗೆ. ಊಟದ ಮನೆಯ ಬೆಕ್ಕು ಮೇಜಿನಿಂದ ಮೇಜಿಗೆ ಹೋಗಿ ಮಿಯಾಂವ್ ಅನ್ನುತ್ತಿತ್ತು. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಹೀಗೆ ಮಿಯಾಂವ್ ಅನ್ನುವುದು ಅಪರೂಪ. ಅದು ಮರಿ ತಾಯಿಯನ್ನು ಕರೆಯುವ ದನಿ. ಕಾಡಿನಲ್ಲಿ ಮರಿತನದೊಂದಿಗೇ ಅದೂ ಬಹುಮಟ್ಟಿಗೆ ಮುಗಿಯುತ್ತದೆ, ಮನೆಯಲ್ಲಿ ಮುಗಿಯುವುದೇ ಇಲ್ಲ. ಅಮೆರಿಕದ ನಿಕೋಲಸ್ ನಿಕಾಸ್ಟ್ರೊ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಮೃಗಾಲಯದ ಕಾಡುಬೆಕ್ಕುಗಳ ದನಿಯನ್ನೂ ಮನೆಬೆಕ್ಕುಗಳ ದನಿಯನ್ನೂ ಜನರಿಗೆ ಕೇಳಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಬೆಕ್ಕಿನದ್ದು ಮೊಟಕು, ಎತ್ತರದ ದನಿ, ಕೇಳಲು ಹಿತ ಅಂದರು ಕೇಳಿದವರು. ನಮ್ಮ ಕಿವಿ ಯಾವುದಕ್ಕೆ ಕರಗುತ್ತದೆ ಅಂತ ಬೆಕ್ಕು ಸಾವಿರಾರು ವರ್ಷಗಳಲ್ಲಿ ಕಂಡುಕೊಂಡಿದೆ. ಅಕ್ಕ ಅಷ್ಟರಲ್ಲಿ ರೊಟ್ಟಿಯ ಮೇಲಿನ ತುಪ್ಪವನ್ನು ಅದಕ್ಕೆ ನೆಕ್ಕಿಸಿ ಆಗಿತ್ತು.

ಸೋಮವಾರ, ಭುಜ್

ಪ್ರಯಾಣದ ದಿನ. ಭುಜ್ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅರಮನೆ ನೋಡುವ ಉತ್ಸಾಹ ಇಬ್ಬರಿಗೂ ಉಳಿದಿರಲಿಲ್ಲ.

ದಾರಿಯಲ್ಲಿ ಡ್ರೈವರ್ ಕ್ಯಾರಕಲ್ ಸುದ್ದಿ ತೆಗೆದ. ಕಿವಿತುದಿಯಲ್ಲಿ ಉದ್ದ ಕಪ್ಪು ಕುಚ್ಚಿರುವ, ಹಾರುವ ಹಕ್ಕಿಯನ್ನು ಗಾಳಿಯಲ್ಲೇ ತಟ್ಟಿ ಕೆಡಹುವ ಬೆಕ್ಕು. ದೇಶದಲ್ಲಿ ಅದು ಉಳಿದಿರುವುದು ಮುಖ್ಯವಾಗಿ ಕಚ್ಛ್ ಮತ್ತು ರಾಜಸ್ಥಾನದಲ್ಲಿ, ಅದೂ ಬೆರಳೆಣಿಕೆಯಷ್ಟು. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಬೇಟೆಗೆಂದೇ ಕ್ಯಾರಕಲ್‌ಗಳನ್ನು ಸಾಕಿದ್ದ. ಮೊಘಲರು ಚೀತಾಗಳನ್ನು ಸಾಕಿದರು. ಶತಮಾನಗಳ ಕಾಲ ಹಿಡಿದು, ಕಟ್ಟಿ, ಕಣ್ಣಿಗೆ ಪಟ್ಟಿ ಹಾಕಿ, ಮಾಂಸ ತಿನ್ನಿಸಿ ಪಳಗಿಸಿದರೂ ಅವು ಸಾಕುಪ್ರಾಣಿಗಳಾಗಲಿಲ್ಲ. ಅರಮನೆಯಲ್ಲಿ ಚೀತಾ ಮರಿ ಹಾಕಿದ್ದು ಎಷ್ಟು ಅಪರೂಪವೆಂದರೆ, ಅಂಥದ್ದೊಂದನ್ನು ಜಹಾಂಗೀರ್ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಯಾರೂ ಹಿಡಿಯದ, ಕಟ್ಟದ ಸಣ್ಣ ಬೆಕ್ಕು ಮಾತ್ರ ತಾನಾಗಿ ಒಳಗೆ ಬಂದು ಒಲೆಯ ಪಕ್ಕ ಮಲಗಿತು.

ಮಂಗಳವಾರ, ಬನ್ನಿ

ಭುಜ್‌ನ ಉತ್ತರಕ್ಕೆ ಬನ್ನಿ ಹುಲ್ಲುಗಾವಲು. ಹೆಸರಿಗೆ ಹುಲ್ಲುಗಾವಲು, ಅರ್ಧಕ್ಕರ್ಧ ಬಳ್ಳಾರಿ ಜಾಲಿ ನುಂಗಿದೆ. ಬನ್ನಿ ಎಮ್ಮೆಗಳು ರಾತ್ರಿಯಿಡೀ ತಾವೇ ಮೇಯ್ದು ಬೆಳಗ್ಗೆ ಮನೆಗೆ ಬರುತ್ತವೆ. ನಾವು ಹಳ್ಳಿ ತಲುಪುವಾಗ ಹಾಲು ಕರೆಯುವ ಹೊತ್ತು. ಎಮ್ಮೆಗಳ ಮಾಲೀಕರಾದ ಮಾಲ್ಧಾರಿ ಹಿರಿಯರು ಮಣ್ಣಿನ ದುಂಡು ಮನೆಯ ಜಗಲಿಯಲ್ಲಿ ಕೂರಿಸಿ ಹಾಲು ಕೊಟ್ಟರು. ಹಾಲಿನ ಪಾತ್ರೆ ಕಂಡದ್ದೇ ಬೆಕ್ಕುಗಳು ಬಂದವು. ಎಲ್ಲವೂ ಮನೆಬೆಕ್ಕುಗಳೇ, ಒಂದನ್ನು ಬಿಟ್ಟು.

ಅದು ಎಲ್ಲವಕ್ಕಿಂತ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತಿತ್ತು. ಮರಳು ಬಣ್ಣ, ಪಕ್ಕೆಯಲ್ಲಿ ಚುಕ್ಕೆ, ಕಾಲಿನಲ್ಲಿ ಅಡ್ಡಪಟ್ಟೆ. ಆದರೆ ಎದೆಯ ಮೇಲೆ ಅಂಗೈಯಗಲ ಬಿಳುಪು, ಮುಂಗಾಲಿಗೆ ಬಿಳಿ ಕಾಲುಚೀಲ. ಎರಡು ಹೆಜ್ಜೆ ಬರುವುದು, ಅಕ್ಕ ಕೈ ಚಾಚಿದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುವುದು. ಬಾಲ ಒಮ್ಮೆ ಅರ್ಧ ಮೇಲೆದ್ದು ಮತ್ತೆ ಕೆಳಗಿಳಿಯಿತು. ಇದರ ತಾಯಿ ಮನೆಯದು, ತಂದೆ ಜಾಲಿಯೊಳಗಿನದು ಅಂದರು ಹಿರಿಯರು. ಅವರಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ.

ನನಗೆ ಇಡೀ ಪ್ರವಾಸದಲ್ಲಿ ಕಸಿವಿಸಿ ಆದದ್ದು ಇಲ್ಲೇ. ಚಿರತೆಗಾದರೆ ಬೇಲಿ ಹಾಕಬಹುದು, ಬಂದೂಕಿನವನನ್ನು ಜೈಲಿಗೆ ಹಾಕಬಹುದು. ಈ ಬೆಕ್ಕಿನ ಕುಲ ಅಳಿಯುವುದು ಬಂದೂಕಿನಿಂದಲ್ಲ, ಬಸಿರಿನಿಂದ. ಎರಡೂ ಇನ್ನೂ ಎಷ್ಟು ಹತ್ತಿರವೆಂದರೆ ಕೂಡಿದರೆ ಹುಟ್ಟಿದ ಮರಿಗಳೂ ಮರಿ ಹಾಕುತ್ತವೆ. ಹೊಲ, ಹಳ್ಳಿ, ಹಾಲಿನ ಡೈರಿ ಮುಂದೆ ಮುಂದೆ ಸರಿದಂತೆ ಮನೆಬೆಕ್ಕೂ ಸರಿಯುತ್ತದೆ, ಕಾಡಿನ ರಕ್ತ ನೀರಾಗುತ್ತ ಹೋಗುತ್ತದೆ. ಸ್ಕಾಟ್ಲೆಂಡಿನ ಕಾಡುಬೆಕ್ಕಿಗೆ ಆದದ್ದು ಇದೇ. ಅಲ್ಲಿ ಉಳಿದಿದ್ದವುಗಳಲ್ಲಿ ಬೆರಕೆ ಎಷ್ಟಿತ್ತೆಂದರೆ, ಕಾಡಿನಲ್ಲಿ ತಾನಾಗಿ ಉಳಿಯಬಲ್ಲ ಸಂಖ್ಯೆಯೇ ಇನ್ನಿಲ್ಲ ಎಂದು 2019ರ ವರದಿ ಹೇಳಿತು. ಮೃಗಾಲಯದಲ್ಲಿ ಬೆಳೆಸಿದವನ್ನು 2023ರಿಂದ ಕೇರ್ನ್‌ಗಾರ್ಮ್ಸ್ ಬೆಟ್ಟಗಳಿಗೆ ಬಿಡುತ್ತಿದ್ದಾರೆ. ಅದರ ಜೊತೆಗೆ ಸುತ್ತಲಿನ ಮನೆಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆಯೂ ನಡೆಯುತ್ತಿದೆ. ಕಚ್ಛ್‌ನಲ್ಲಿ ಇನ್ನೂ ಸಮಯವಿದೆ. ಅಭಯಾರಣ್ಯದ ಅಂಚಿನ ಹಳ್ಳಿಗಳ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದಕ್ಕೆ ಆಗುವ ಖರ್ಚು ಹುಲಿ ಯೋಜನೆಯ ಲೆಕ್ಕದ ಮುಂದೆ ಏನೂ ಅಲ್ಲ. ಆದರೆ ಬೆಕ್ಕಿನ ಫೋಟೊ ಯಾವ ಸಚಿವರ ಪೋಸ್ಟರಿನಲ್ಲೂ ಬರುವುದಿಲ್ಲ.

ಎರಡಕ್ಕೂ ನಡುವೆ ಬದಲಾದದ್ದು ಎಷ್ಟು ಕಡಿಮೆ ಅನ್ನುವುದಕ್ಕೂ ಈ ಬೆರಕೆಯೇ ಸಾಕ್ಷಿ. 2014ರಲ್ಲಿ ಬೆಕ್ಕಿನ ಜೀನೋಮ್ ಓದಿದವರಿಗೆ ಕಾಡುಬೆಕ್ಕಿಗಿಂತ ಬೇರೆಯಾಗಿ ಕಂಡ ಜಾಗಗಳು ಕೆಲವೇ. ಅವುಗಳಲ್ಲಿ ಹೆದರಿಕೆಯ ನೆನಪಿಗೆ, ತಿಂಡಿ ಕೊಟ್ಟವರ ಬಳಿ ಮತ್ತೆ ಹೋಗುವ ಕಲಿಕೆಗೆ ಸಂಬಂಧಿಸಿದ ಜೀನುಗಳಿದ್ದವು. ಮನೆಬೆಕ್ಕಿನ ತಲೆಬುರುಡೆಯೊಳಗಿನ ಜಾಗವೂ ಕಾಡಿನದಕ್ಕಿಂತ ಸಣ್ಣದು, ಬೆರಕೆಯದು ನಡುವೆ ಎಂದು 2022ರ ಅಳತೆ. ನಾಯಿಯ ಮೈ, ಮೂತಿ, ಕಿವಿ ಎಲ್ಲ ತಿದ್ದಿದ ಮನುಷ್ಯ ಬೆಕ್ಕಿನಲ್ಲಿ ತಿದ್ದಿದ್ದು ಸ್ವಲ್ಪ ಅಂಜಿಕೆಯನ್ನು ಮಾತ್ರ, ಅದೂ ಬೆಕ್ಕು ಒಪ್ಪಿದಷ್ಟು.

ಬುಧವಾರ, ರಸ್ತೆ

ಭುಜ್, ರಾಜಕೋಟ್, ಜುನಾಗಢ, ಸಾಸಣ್. ಬರೆಯುವಂಥದ್ದೇನೂ ಇಲ್ಲ, ಗೊಂಡಲ್ ಹತ್ತಿರ ಕುಡಿದ ಕಬ್ಬಿನ ಹಾಲು ಬಿಟ್ಟರೆ.

ಗುರುವಾರ, ಸಾಸಣ್ ಗಿರ್

ಬೆಳಗಿನ ಮೊದಲ ಸರದಿಯ ಜಿಪ್ಸಿ. ತೇಗದ ಒಣ ಎಲೆಗಳ ಮೇಲೆ ಜಿಂಕೆ ನಡೆದರೂ ದೊಡ್ಡ ಸದ್ದು. ಗಿರ್‌ನಲ್ಲಿ ಸಿಂಹ ಕಾಣುವುದು ಈಗ ಅಂಥ ಅದೃಷ್ಟದ ಮಾತಲ್ಲ. 2020ರಲ್ಲಿ 674 ಇದ್ದದ್ದು 2025ರ ಎಣಿಕೆಯಲ್ಲಿ 891 ಆಗಿವೆ, ಕಾಡಿನಾಚೆ ಹೊಲಗಳಲ್ಲೂ ಓಡಾಡುತ್ತವೆ.

ದಾರಿಯ ಬದಿಯಲ್ಲೇ ಎರಡು ಹೆಣ್ಣು, ಮೂರು ಮರಿ. ಒಂದು ಹೆಣ್ಣು ಎಲ್ಲಿಂದಲೋ ಬಂದು ಇನ್ನೊಂದರ ಕೆನ್ನೆಗೆ ಕೆನ್ನೆ ಉಜ್ಜಿ, ಪಕ್ಕೆಗೆ ಪಕ್ಕೆ ತಾಗಿಸಿ ಮಲಗಿತು. ಕೆನ್ನೆಯಲ್ಲಿರುವ ಗ್ರಂಥಿಯ ವಾಸನೆಯನ್ನು ಪರಸ್ಪರ ಬಳಿದುಕೊಳ್ಳುವುದು ಅದು. ಶನಿವಾರ ಗುಡಿಸಲಿನ ಬೆಕ್ಕು ಅಕ್ಕನ ಕಾಲಿಗೆ ಮಾಡಿದ್ದೂ ಇದೇ. ಮರಿಯೊಂದು ಎದೆ ನೆಲಕ್ಕೊತ್ತಿ, ಸೊಂಟ ಅಲುಗಿಸಿ, ತಾಯಿಯ ಬಾಲದ ಕುಚ್ಚಿನ ಮೇಲೆ ಹಾರಿತು. ಅಕ್ಕ ನನ್ನ ತೋಳು ಚಿವುಟಿದಳು.

ಬೇರೆಯಾಗಿ ಕಂಡದ್ದು ಕಣ್ಣು. ಬಿಸಿಲು ಬಿದ್ದಾಗ ಸಿಂಹದ ಪಾಪೆ ಸಣ್ಣದಾಯಿತು, ಆದರೆ ದುಂಡಗೇ ಉಳಿಯಿತು. ಮನೆಬೆಕ್ಕಿನದ್ದಾದರೆ ಕಡ್ಡಿಗೆರೆಯಾಗುತ್ತದೆ. ನೆಲಕ್ಕೆ ಹತ್ತಿರ ಅಡಗಿ ಕೂತು ಹಾರುವ ಸಣ್ಣ ಬೇಟೆಗಾರರಿಗೆ ದೂರ ಅಳೆಯಲು ಆ ನಿಂತ ಗೆರೆ ಸಹಾಯಕ, ಎತ್ತರದ ಪ್ರಾಣಿಗಳಿಗೆ ಅದರಿಂದ ಅಷ್ಟು ಲಾಭವಿಲ್ಲ ಅಂತ 2015ರಲ್ಲಿ ಲೆಕ್ಕ ಹಾಕಿದರು. ಹುಲಿ ಸಿಂಹಗಳ ಪಾಪೆ ದುಂಡಗಿರುವುದು ಅದಕ್ಕೇ.

ಇನ್ನೊಂದು ವಿಷಯದಲ್ಲಿ ಮಾತ್ರ ಮನೆಬೆಕ್ಕು ತನ್ನ ಹತ್ತಿರದ ದಾಯಾದಿಯನ್ನು ಬಿಟ್ಟು ಈ ದೂರದ ಸಿಂಹದ ಹಾದಿ ಹಿಡಿದಿದೆ. ರಣ್‌ನ ಬೆಕ್ಕು ಒಂಟಿ. ಸಿಂಹಿಣಿಯರು ತಾಯಿ, ಮಗಳು, ಅಕ್ಕತಂಗಿಯರ ಗುಂಪಿನಲ್ಲಿರುತ್ತವೆ, ಒಬ್ಬರ ಮರಿಗೆ ಇನ್ನೊಬ್ಬರು ಹಾಲು ಕೊಡುತ್ತವೆ. ಮಲ್ಪೆ ಬಂದರಿನಂತೆ ತಿನ್ನುವುದು ರಾಶಿ ಬಿದ್ದಿರುವ ಕಡೆ ಮನೆಬೆಕ್ಕುಗಳೂ ಹೀಗೇ ಹೆಣ್ಣುಗಳ ಗುಂಪು ಕಟ್ಟುತ್ತವೆ. "ನಮ್ಮ ಅಟ್ಟದ ಮೇಲೆ ತಾಯಿ, ಮಗಳು ಎರಡೂ ಒಂದೇ ಬುಟ್ಟೀಲಿ ಮರಿ ಹಾಕಿದ್ವಲ್ಲ, ಯಾವ್ದು ಯಾರದ್ದು ಅಂತ ಅವಕ್ಕೇ ಗೊತ್ತಿರಲಿಲ್ಲ" ಅಂದಳು ಅಕ್ಕ. ಗಿರ್‌ನಲ್ಲಿ ಗಂಡುಸಿಂಹಗಳು ಹೆಚ್ಚಿನ ಕಾಲ ಹೆಣ್ಣುಗಳಿಂದ ಬೇರೆಯೇ ಇರುತ್ತವೆ. ಅಟ್ಟದ ಗಂಡುಬೆಕ್ಕೂ ಮರಿಗಳ ಕಡೆ ತಲೆ ಹಾಕಿ ಮಲಗಿದ್ದಲ್ಲ.

ಗೇಟಿಗೆ ಮರಳುವ ಹೊತ್ತಾಗಿತ್ತು. ತಿರುವಿನಲ್ಲಿ ಒಂದು ಗಂಡು ಸಿಕ್ಕಿತು. ನಮ್ಮತ್ತ ನೋಡಲೂ ಇಲ್ಲ. ಪೊದೆಗೆ ಬೆನ್ನು ಮಾಡಿ ನಿಂತು, ಬಾಲ ಮೇಲೆತ್ತಿ, ಹಿಂದಕ್ಕೆ ಜೋರಾಗಿ ಚಿಮುಕಿಸಿ ಮುಂದೆ ಹೋಯಿತು. ಅದು ಮರೆಯಾದ ಮೇಲೆ ಜಿಪ್ಸಿ ಆ ಪೊದೆಯ ಪಕ್ಕದಲ್ಲೇ ಹಾದಾಗ ಡ್ರೈವರ್ ಮೂಗು ಮುಚ್ಚಿಕೊಂಡ. ಅಕ್ಕ ಮುಚ್ಚಿಕೊಳ್ಳಲಿಲ್ಲ.

"ಕೊಟ್ಟಿಗೆ ಹಿಂದಿನ ಗೋಡೆಗೆ ನಮ್ಮ ಗಂಡುಬೆಕ್ಕು ಮಾಡೋದೂ ಇದನ್ನೇ. ಇವನ ಪಿಚಕಾರಿ ದೊಡ್ಡದು, ಅಷ್ಟೇ."

ಬೆಹೆನ್‌ಜಿ ಏನಂದರು ಅಂತ ಡ್ರೈವರ್ ಕೇಳಿದ. ಸಿಂಹ ತುಂಬಾ ಚೆನ್ನಾಗಿದೆ ಅಂದರು ಎಂದೆ.